25ರಿಂದ 100 ಡಾಲರ್: ಸಣ್ಣ ಸ್ಪ್ರೆಡ್‌ನಲ್ಲಿ ಎಲೆ ಎಣಿಸಿ ಗೆಲ್ಲಬಹುದಾ?

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ತಿಂಗಳಿಗೆ ಎರಡು ಸಲ ಇಲ್ಲಿನ ಕ್ಯಾಸಿನೊ ಊರು ಅಟ್ಲಾಂಟಿಕ್ ಸಿಟಿಗೆ ಹೋಗಿ ಬ್ಲ್ಯಾಕ್‌ಜ್ಯಾಕ್ ಆಡುತ್ತೇನೆ. ಬೇಸಿಕ್ ಸ್ಟ್ರಾಟಜಿ, ಅಂದರೆ ಯಾವ ಎಲೆಗೆ ಹೇಗೆ ಆಡಬೇಕು ಅನ್ನುವ ಪಟ್ಟಿ, ಬಾಯಿಪಾಠ ಆಗಿದೆ. ಆರು ತಿಂಗಳಿಂದ ಹೈ-ಲೋ ಪದ್ಧತಿಯಲ್ಲಿ ಎಲೆ ಎಣಿಸುತ್ತಿದ್ದೇನೆ. ಆರು ಡೆಕ್‌ನ (ಆರು ಪ್ಯಾಕ್ ಇಸ್ಪೀಟು ಸೇರಿಸಿ ಆಡುವ) ಮೇಜು, ಕನಿಷ್ಠ ಬೆಟ್ 25 ಡಾಲರ್. ಕೌಂಟ್ +4 ಆದ ಕೂಡಲೇ 100ಕ್ಕೆ ಏರಿಸುತ್ತೇನೆ. ಅದಕ್ಕಿಂತ ಜಾಸ್ತಿ ಹಾಕಲು ಧೈರ್ಯ ಇಲ್ಲ, ಮೇಜುಗಳನ್ನು ಕಾಯುವ ಪಿಟ್ ಬಾಸ್ ಕಣ್ಣಿಗೆ ಬೀಳುವ ಭಯ ಬೇರೆ. ಆಟಕ್ಕೆ ಅಂತ 3,000 ಡಾಲರ್ ತೆಗೆದಿಟ್ಟಿದ್ದೆ. ಈಗ 1,900 ಉಳಿದಿದೆ. ಅತಿ ಸಣ್ಣ ಬೆಟ್ 25, ಅತಿ ದೊಡ್ಡದು 100, ಅಂದರೆ ಒಂದಕ್ಕೆ ನಾಲ್ಕರ ಸ್ಪ್ರೆಡ್‌ನಲ್ಲಿ ಲಾಭ ಆಗುತ್ತಾ? ಏರಿಸಲೇಬೇಕಾ? ಊರಿಗೆ ಬಂದಾಗ ಗೋವಾದಲ್ಲೂ ಈ ವಿದ್ಯೆ ನಡೆಯುತ್ತಾ?

ಉತ್ತರ: ಲಾಭ ಆಗುತ್ತದೆ. ಆದರೆ ನೀವು ಈಗ ಆಡುತ್ತಿರುವ ರೀತಿಯಲ್ಲಿ ಅಲ್ಲ. ಸ್ಪ್ರೆಡ್ ಏರಿಸುವ ಮಾತು ಆಮೇಲೆ. ಅದಕ್ಕಿಂತ ಮೊದಲು ಸರಿ ಮಾಡಿಕೊಳ್ಳಬೇಕಾದ ಎರಡು ಮೂರು ವಿಷಯ ನಿಮ್ಮ ಪ್ರಶ್ನೆಯಲ್ಲೇ ಕಾಣುತ್ತಿವೆ.

ಮೊದಲನೆಯದು ಆ +4. ಯಾವ ಕೌಂಟ್ ಅದು? ಪದ್ಧತಿ ಗೊತ್ತಿಲ್ಲದವರೂ ಓದುತ್ತಾರೆ, ಹಾಗಾಗಿ ಚಿಕ್ಕದಾಗಿ ಹೇಳಿಬಿಡುತ್ತೇನೆ. ಎಲೆಗಳ ಮೊತ್ತ 21 ದಾಟದ ಹಾಗೆ, ಎಲೆ ಹಂಚುವ ಕ್ಯಾಸಿನೊದ ಡೀಲರ್‌ಗಿಂತ ಹೆಚ್ಚು ಮಾಡುವುದೇ ಆಟ. 21 ದಾಟಿದರೆ ಸೋಲು. ಒಂದು ಸುತ್ತಿನ ಆಟಕ್ಕೆ ‘ಕೈ’ ಅನ್ನುತ್ತಾರೆ. ಹೈ-ಲೋದಲ್ಲಿ 2ರಿಂದ 6ರವರೆಗಿನ ಎಲೆ ಹೊರಬಿದ್ದರೆ ಒಂದು ಕೂಡಿಸಬೇಕು. 10, ಗುಲಾಮ, ರಾಣಿ, ರಾಜ, ಎಕ್ಕ ಬಿದ್ದರೆ ಒಂದು ಕಳೆಯಬೇಕು. 7, 8, 9 ಲೆಕ್ಕಕ್ಕಿಲ್ಲ. ಸಣ್ಣ ಎಲೆ ಖರ್ಚಾದಷ್ಟೂ ಉಳಿದ ಎಲೆಗಳಲ್ಲಿ ಹತ್ತು, ಎಕ್ಕಗಳ ಪಾಲು ಹೆಚ್ಚುತ್ತದೆ. ಹಾಗಾದಾಗ ಬ್ಲ್ಯಾಕ್‌ಜ್ಯಾಕ್ (ಮೊದಲ ಎರಡೇ ಎಲೆಯಲ್ಲಿ ಎಕ್ಕ ಮತ್ತು ಹತ್ತರ ಬೆಲೆಯ ಎಲೆ ಸೇರಿ 21) ಹೆಚ್ಚು ಬೀಳುತ್ತದೆ. ಅದು ಡೀಲರ್‌ಗೂ ಬೀಳುತ್ತದೆ, ನಿಜ. ಆದರೆ ನಿಮಗೆ ಬಿದ್ದರೆ ಒಂದಕ್ಕೆ ಒಂದೂವರೆ ಕೊಡುತ್ತಾರೆ, ಅವನಿಗೆ ಬಿದ್ದರೆ ನೀವು ಕಳೆದುಕೊಳ್ಳುವುದು ಒಂದೇ. ಜೊತೆಗೆ 12ರಿಂದ 16ರವರೆಗೆ ಏನು ಬಂದಿದ್ದರೂ ಡೀಲರ್ ಇನ್ನೊಂದು ಎಲೆ ಎಳೆಯಲೇಬೇಕು. ನೀವು ಬೇಕಾದರೆ ಸುಮ್ನೆ ಕೂರಬಹುದು. ಎಣಿಕೆಯ ಲಾಭವೆಲ್ಲ ಹುಟ್ಟುವುದು ಇಂಥ ವ್ಯತ್ಯಾಸಗಳಿಂದ.

ಹೀಗೆ ಕೂಡಿಸುತ್ತ ಕಳೆಯುತ್ತ ಬರುವುದು ರನ್ನಿಂಗ್ ಕೌಂಟ್. ಅದನ್ನು ಉಳಿದ ಡೆಕ್‌ಗಳಿಂದ ಭಾಗಿಸಿದರೆ ಟ್ರೂ ಕೌಂಟ್. ನೀವು ಬರೆದ ರೀತಿ ನೋಡಿದರೆ, ರನ್ನಿಂಗ್ ಕೌಂಟ್ +4 ಆದ ತಕ್ಷಣ 100 ಹಾಕುತ್ತಿದ್ದೀರಿ ಅನ್ನಿಸುತ್ತದೆ. ಒಂದು ಡೆಕ್ ಮುಗಿದು ಐದು ಉಳಿದಿರುವಾಗ +4 ಅಂದರೆ ಟ್ರೂ ಕೌಂಟ್ 0.8. ಮೇಲುಗೈ ಇನ್ನೂ ಕ್ಯಾಸಿನೊದ್ದೇ. ನಾಲ್ಕು ಪಟ್ಟು ದುಡ್ಡನ್ನು ನಷ್ಟದ ಕೈ ಮೇಲೆ ಹಾಕಿದ ಹಾಗಾಯಿತು. ಅದೇ +4 ಶೂನ (ಎಲೆಗಳನ್ನಿಟ್ಟು ಹಂಚುವ ಪೆಟ್ಟಿಗೆಯ) ಕೊನೆಯಲ್ಲಿ, ಒಂದೂವರೆ ಡೆಕ್ ಉಳಿದಿರುವಾಗ ಬಂದರೆ ಟ್ರೂ ಕೌಂಟ್ 2.6 ದಾಟುತ್ತದೆ. ಆಗ ಹಾಕಿದ್ದು ಸರಿ. ಡಿಸ್ಕಾರ್ಡ್ ಟ್ರೇ (ಆಡಿ ಮುಗಿದ ಎಲೆ ಇಡುವ ತಟ್ಟೆ) ನೋಡಿ ಎಷ್ಟು ಡೆಕ್ ಹೋಗಿದೆ ಅಂತ ಅಂದಾಜು ಮಾಡುವುದನ್ನು ಮನೆಯಲ್ಲೇ ರೂಢಿ ಮಾಡಿಕೊಳ್ಳಿ. ಆರು ಪ್ಯಾಕ್ ಇಸ್ಪೀಟು ತಂದು ಒಂದು, ಒಂದೂವರೆ, ಎರಡು ಡೆಕ್‌ನ ಗುಡ್ಡೆ ಮಾಡಿ ಎದುರಿಗಿಟ್ಟುಕೊಳ್ಳಿ. ವಾರದಲ್ಲಿ ಕಣ್ಣಿಗೆ ಹಿಡಿಯುತ್ತದೆ.

ಈಗ ಸ್ಪ್ರೆಡ್‌ಗೆ ಬರೋಣ. ಆರು ಡೆಕ್, ಮುಕ್ಕಾಲು ಭಾಗ ಹಂಚಿ ಕಲಸುವ ಮೇಜು ಅಂದುಕೊಳ್ಳಿ. ಸಾಧಾರಣ ಒಳ್ಳೆಯ ನಿಯಮ ಇದ್ದರೆ ಬೇಸಿಕ್ ಸ್ಟ್ರಾಟಜಿಯಲ್ಲಿ ಆಡುವವನಿಗೆ ಶೇಕಡಾ ಅರ್ಧದಷ್ಟು ನಷ್ಟ. ಟ್ರೂ ಕೌಂಟ್ ಒಂದು ಏರಿದರೆ ಶೇಕಡಾ ಅರ್ಧ ನಿಮ್ಮ ಕಡೆ ವಾಲುತ್ತದೆ. ಈ ಎರಡು ಅಂದಾಜು ಹಿಡಿದು, ಎಲೆಗಳ ಹಂಚಿಕೆಯ ಗಣಿತ ಸೇರಿಸಿ, ನಾನೇ ಕಾಗದದ ಮೇಲೆ ಲೆಕ್ಕ ಹಾಕಿದೆ. ಪಕ್ಕಾ ಸಿಮ್ಯುಲೇಷನ್ ಅಲ್ಲ, ಆದರೆ ಚಿತ್ರ ಸರಿಯಾಗಿ ಕಾಣುತ್ತದೆ.

ನೂರು ಕೈ ಆಡಿದರೆ ಸುಮಾರು 72ರಲ್ಲಿ ಟ್ರೂ ಕೌಂಟ್ +1 ಮುಟ್ಟುವುದೇ ಇಲ್ಲ. ಅಷ್ಟೂ ಕೈಗಳಲ್ಲಿ ಕ್ಯಾಸಿನೊಗೇ ಲಾಭ. ಉಳಿದ 28ರಲ್ಲಿ 12 ಕೈ +1ರ ಮಟ್ಟದಲ್ಲಿ, 7 ಕೈ +2ರಲ್ಲಿ, 4 ಕೈ +3ರಲ್ಲಿ, 2 ಕೈ +4ರಲ್ಲಿ, 3 ಕೈ +5 ಮತ್ತು ಅದಕ್ಕೂ ಮೇಲೆ. ಕೆಟ್ಟ 72 ಕೈಗೆ 25 ಡಾಲರ್‌ನಂತೆ ಹಾಕಿದರೆ ಸರಾಸರಿ 18 ಡಾಲರ್ 60 ಸೆಂಟ್ ಹೋಗುತ್ತದೆ. ಒಳ್ಳೆಯ 28 ಕೈಗೆ +1ರಲ್ಲಿ 25, +2ರಲ್ಲಿ 50, +3ರಲ್ಲಿ 75, ಆಮೇಲೆ 100 ಅಂತ ಹಾಕಿದರೆ 18 ಡಾಲರ್ 40 ಸೆಂಟ್ ಬರುತ್ತದೆ.

ಹೋದದ್ದು 18.60, ಬಂದದ್ದು 18.40. ಅಂದರೆ ಟ್ರೂ ಕೌಂಟ್ ಸರಿಯಾಗಿ ಲೆಕ್ಕ ಹಾಕಿ, ಒಂದೂ ತಪ್ಪು ಮಾಡದೆ, ಇಡೀ ರಾತ್ರಿ ಕೂತು ಆಡಿದರೂ ನಿಮ್ಮ ಸ್ಪ್ರೆಡ್‌ನಲ್ಲಿ ಕೈಗೆ ಬರುವುದು ಹೆಚ್ಚು ಕಮ್ಮಿ ಸೊನ್ನೆ. ‘ಆರು ಡೆಕ್‌ಗೆ ಒಂದಕ್ಕೆ ನಾಲ್ಕು ಸಾಲದು’ ಅಂತ ಆಟಗಾರರು ಹೇಳುವುದು ಇದಕ್ಕೇ. ಎಂಟು ಡೆಕ್ ಆದರೆ ಇನ್ನೂ ಕಷ್ಟ. ಅಟ್ಲಾಂಟಿಕ್ ಸಿಟಿಯಲ್ಲಿ ಎಂಟು ಡೆಕ್‌ನ ಮೇಜು ಬೇಕಾದಷ್ಟಿವೆ, ಕೂರುವ ಮೊದಲು ನೋಡಿಕೊಳ್ಳಿ.

ಇಲ್ಲಿ ಎಲ್ಲರೂ ಕೊಡುವ ಸಲಹೆ, ಮೇಲಿನ ಬೆಟ್ ಏರಿಸಿ ಅಂತ. 25ರಿಂದ 200ರವರೆಗೆ ಹೋದರೆ ನೂರು ಕೈಗೆ 17.50 ಡಾಲರ್ ಉಳಿಯುತ್ತದೆ. ಲೆಕ್ಕ ಸರಿಯೇ. ಆದರೆ ಪಿಟ್ ಬಾಸ್‌ಗೆ ಮೊದಲು ಕಾಣುವುದೂ ಅದೇ, ನಿಮ್ಮ ಜೇಬು ಮೊದಲು ಬರಿದಾಗುವುದೂ ಅದರಿಂದಲೇ.

ನಾನು ಹೇಳುವುದು ಕೆಳಗಿನ ತುದಿ ನೋಡಿ ಅಂತ. ನಿಮ್ಮ ಅತಿ ಸಣ್ಣ ಬೆಟ್ ಎಷ್ಟು? 25 ಅನ್ನುತ್ತೀರಿ. ಯಾಕೆ 25? ಸೊನ್ನೆ ಯಾಕಲ್ಲ? ಆ 72 ಕೆಟ್ಟ ಕೈಗಳನ್ನು ಬಿಡಿಸಿ ನೋಡಿದರೆ, 44 ಕೈ -1ರಿಂದ +1ರ ನಡುವೆ ಇರುತ್ತವೆ. ಅವುಗಳಲ್ಲಿ ಹೋಗುವುದು ಐದೂವರೆ ಡಾಲರ್ ಮಾತ್ರ. ಉಳಿದ 28 ಕೈ -1ಕ್ಕಿಂತ ಕೆಳಗೆ. ಹದಿಮೂರು ಡಾಲರ್ ಸೋರಿಹೋಗುವುದು ಆ 28ರಲ್ಲೇ. ಕೊಡದ ತೂತು ಎಲ್ಲಿದೆ ಅಂತ ಕಂಡಿತಲ್ಲ. ಟ್ರೂ ಕೌಂಟ್ -1ಕ್ಕಿಂತ ಕೆಳಗಿಳಿದ ಕೂಡಲೇ ಎದ್ದು ಹೋಗಿ. ಬಾತ್‌ರೂಮು, ಫೋನು, ಕಾಫಿ, ಏನೋ ಒಂದು ನೆಪ. ಶೂ ಮುಗಿಯಲು ಇನ್ನೂ ಹೊತ್ತಿದ್ದರೆ ಬೇರೆ ಮೇಜಿಗೆ ಹೋಗಿ ಹೊಸ ಶೂ ಹಿಡಿಯಿರಿ. ಇಷ್ಟೇ ಮಾಡಿದರೆ, ಅದೇ 25ರಿಂದ 100ರ ಸ್ಪ್ರೆಡ್‌ನಲ್ಲಿ, ನೀವು ನೋಡಿದ ಪ್ರತಿ ನೂರು ಕೈಗೆ ಸುಮಾರು 13 ಡಾಲರ್ ಉಳಿಯುತ್ತದೆ. 200ರವರೆಗೆ ಏರಿಸಿ ಮೇಜಿಗೆ ಅಂಟಿಕೊಂಡು ಕೂತವನ ಲಾಭದಲ್ಲಿ ಮುಕ್ಕಾಲು ಭಾಗ ಇದು, ಒಂದು ಡಾಲರೂ ಮೇಲೆ ಏರಿಸದೆ. ಕೂತು ತಿನ್ನುವವನಿಗೆ ಕುಡಿಕೆ ಹಣ ಸಾಲದು ಅಂತ ನಮ್ಮಲ್ಲಿ ಹೇಳುತ್ತಾರಲ್ಲ, ಬ್ಲ್ಯಾಕ್‌ಜ್ಯಾಕ್ ಮೇಜಿಗೂ ಅದು ಸರಿಯಾಗಿ ಹೊಂದುತ್ತದೆ.

ಇದನ್ನೇ ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದರೆ ತಮಾಷೆಯ ಲೆಕ್ಕ ಸಿಗುತ್ತದೆ. ಮೇಜಿನ ಹಿಂದೆ ನಿಂತು ಸುಮ್ನೆ ಎಣಿಸಿ. ಟ್ರೂ ಕೌಂಟ್ +2 ಆಗುವ ತನಕ ಕೂರಲೇಬೇಡಿ. ಕೂತ ಮೇಲೆ ಪ್ರತಿ ಕೈಗೂ 100 ಡಾಲರ್, ಏರಿಕೆ ಇಳಿಕೆ ಇಲ್ಲ. ನೂರು ಕೈ ನೋಡಿದರೆ 16 ಕೈ ಮಾತ್ರ ಆಡುತ್ತೀರಿ. ಸರಾಸರಿ ಲಾಭ 21 ಡಾಲರ್ 50 ಸೆಂಟ್. 25ರಿಂದ 200ರವರೆಗೆ ಏರಿಳಿದು ನೂರು ಕೈ ಬೆವರು ಸುರಿಸಿದವನಿಗಿಂತ ಜಾಸ್ತಿ! ಹೊರಗಿನಿಂದ ನೋಡಿದವನಿಗೆ ನಿಮ್ಮ ಬೆಟ್ ಅಲ್ಲಾಡಿದ್ದೇ ಕಾಣುವುದಿಲ್ಲ. ಹತ್ತು ಕಟ್ಟುವಲ್ಲಿ ಒಂದು ಮುತ್ತು ಕಟ್ಟು ಅಂದ ಹಾಗೆ. 1970ರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಾಂಗ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದವರು ಇದನ್ನು ವಿವರಿಸಿ ಬರೆದರು. ಅದಕ್ಕೇ ಆಟಗಾರರು ಇದನ್ನು ‘ವಾಂಗಿಂಗ್’ ಅನ್ನುತ್ತಾರೆ.

ಕ್ಯಾಸಿನೊದವರಿಗೂ ಇದು ಗೊತ್ತು. ಹಾಗಾಗಿ ಅನೇಕ ಮೇಜುಗಳಲ್ಲಿ ‘ಶೂ ನಡುವೆ ಸೇರುವಂತಿಲ್ಲ’ ಎಂಬ ಬೋರ್ಡ್ ಇರುತ್ತದೆ. ಅಲ್ಲಿ ವಾಂಗಿಂಗ್ ನಡೆಯುವುದಿಲ್ಲ. ಆದರೆ ಗಮನಿಸಿ, ಆ ಬೋರ್ಡ್ ತಡೆಯುವುದು ಒಳಗೆ ಬರುವುದನ್ನು. ಎದ್ದು ಹೋಗುವುದನ್ನು ಯಾರೂ ತಡೆಯುವುದಿಲ್ಲ.

ಪಿಟ್ ಬಾಸ್ ಭಯದ ಮಾತು. ನೀವಿರುವ ರಾಜ್ಯದಲ್ಲಿ ಆ ಭಯ ಸ್ವಲ್ಪ ಕಮ್ಮಿ ಮಾಡಿಕೊಳ್ಳಬಹುದು. ಕೆನ್ ಉಸ್ಟನ್ ಎಂಬ ಪ್ರಸಿದ್ಧ ಎಣಿಕೆಗಾರನನ್ನು ಅಟ್ಲಾಂಟಿಕ್ ಸಿಟಿಯ ರಿಸಾರ್ಟ್ಸ್ ಇಂಟರ್‌ನ್ಯಾಷನಲ್ ಕ್ಯಾಸಿನೊ 1979ರಲ್ಲಿ ಹೊರಗೆ ಕಳಿಸಿತು. ಆತ ಕೋರ್ಟಿಗೆ ಹೋದ. 1982ರಲ್ಲಿ ನ್ಯೂಜೆರ್ಸಿ ಸುಪ್ರೀಂ ಕೋರ್ಟ್ ಆತನ ಪರ ತೀರ್ಪು ಕೊಟ್ಟಿತು. ಎಲೆ ಎಣಿಸುತ್ತಾನೆ ಎಂಬ ಕಾರಣಕ್ಕೆ ಕ್ಯಾಸಿನೊ ತಾನಾಗಿ ಯಾರನ್ನೂ ಹೊರಗಿಡುವಂತಿಲ್ಲ ಅಂತ. ನೆವಾಡಾದಲ್ಲಿ ಈ ರಕ್ಷಣೆ ಇಲ್ಲ. ಅಲ್ಲಿನ ಲಾಸ್ ವೇಗಸ್‌ನಲ್ಲಿ ಒಮ್ಮೆ ನನ್ನ ಹೆಗಲು ತಟ್ಟಿ, ‘ಸಾರ್, ನಿಮ್ಮ ಆಟ ನಮಗೆ ತುಂಬಾ ಭಾರ ಆಯ್ತು, ಬೇರೆ ಯಾವ ಆಟ ಬೇಕಾದರೂ ಆಡಿ’ ಅಂದರು. ಬಹಳ ಮರ್ಯಾದೆಯಿಂದಲೇ ಅಂದರು. ನಾನು ಆಗ ಗೆದ್ದಿದ್ದೂ ಇಲ್ಲ, 400 ಡಾಲರ್ ಸೋತಿದ್ದೆ!

ಆದರೆ ನ್ಯೂಜೆರ್ಸಿಯವರು ಕೈಕಟ್ಟಿ ಕೂತಿಲ್ಲ. ಹೊರಗೆ ಹಾಕಲು ಆಗದಿದ್ದರೇನು, ಬೇಗ ಕಲಸಬಹುದು. ನಿಮ್ಮ ಗರಿಷ್ಠ ಬೆಟ್ ಇಳಿಸಬಹುದು. ಹಂಚುವುದು ಎಲ್ಲಿ ನಿಲ್ಲಬೇಕು ಅಂತ ತೋರಿಸುವ ಕಟ್ ಕಾರ್ಡನ್ನು ಮುಂದಕ್ಕೆ ತಂದು ಅರ್ಧ ಶೂಗೇ ಆಟ ಮುಗಿಸಬಹುದು. ಇವುಗಳಲ್ಲಿ ಕೊನೆಯದು ನಿಮಗೆ ಎಲ್ಲಕ್ಕಿಂತ ದೊಡ್ಡ ಏಟು. ಹೇಗೆ ಅಂತ ನೋಡಿ. ಆರು ಡೆಕ್‌ನ ಶೂನ ಮೊದಲ ಅರ್ಧದಲ್ಲಿ ಟ್ರೂ ಕೌಂಟ್ +2 ಅಥವಾ ಮೇಲೆ ಇರುವುದು ನೂರಕ್ಕೆ ಒಂಬತ್ತು ಹತ್ತು ಕೈಯಲ್ಲಿ. ಅರ್ಧದಿಂದ ಮುಕ್ಕಾಲರ ನಡುವೆ ನೂರಕ್ಕೆ 27 ಕೈಯಲ್ಲಿ. ಅಂದರೆ ನಿಮ್ಮ ಫಸಲು ಬರುವುದು ಶೂನ ಕೊನೆಗೆ. ಡೀಲರ್ ಆ ಭಾಗವನ್ನೇ ಕತ್ತರಿಸಿ ಪಕ್ಕಕ್ಕಿಟ್ಟರೆ ನೀವು ಉತ್ತಿದ್ದು ಬಿತ್ತಿದ್ದೆಲ್ಲ ವ್ಯರ್ಥ. ಕೂರುವ ಮೊದಲು ಎರಡು ಮೇಜು ಸುತ್ತಿ, ಹಳದಿ ಕಟ್ ಕಾರ್ಡ್ ಎಲ್ಲಿ ಸೇರಿಸುತ್ತಾರೆ ಅಂತ ನೋಡಿ. ಒಂದೂವರೆ ಡೆಕ್ ಹಿಂದಿಟ್ಟರೆ ಕೂರಿ. ಎರಡಕ್ಕಿಂತ ಜಾಸ್ತಿ ಇಟ್ಟರೆ ಮುಂದಿನ ಮೇಜು. ಒಂದೇ ಕ್ಯಾಸಿನೊದಲ್ಲಿ ಡೀಲರ್‌ನಿಂದ ಡೀಲರ್‌ಗೆ ಇದು ಬದಲಾಗುತ್ತದೆ. ಕೆಲವರಿಗೆ ಕಲಸಲು ಬೇಜಾರು, ಆಳವಾಗಿ ಹಂಚುತ್ತಾರೆ. ಅಂಥವರ ಮುಖ ನೆನಪಿಟ್ಟುಕೊಳ್ಳಿ.

ಮೇಜಿನ ಮೇಲೆ ಬಟ್ಟೆಯಲ್ಲೇ ಅಚ್ಚಾಗಿರುವ ಒಂದು ಸಾಲು ಓದಲು ಮರೆಯಬೇಡಿ. ಬ್ಲ್ಯಾಕ್‌ಜ್ಯಾಕ್‌ಗೆ 3ಕ್ಕೆ 2 ಕೊಡುತ್ತಾರಾ, 6ಕ್ಕೆ 5 ಕೊಡುತ್ತಾರಾ ಅಂತ. 25 ಡಾಲರ್‌ಗೆ ಮೊದಲನೆಯದರಲ್ಲಿ 37.50 ಬರುತ್ತದೆ, ಎರಡನೆಯದರಲ್ಲಿ 30. ಹೆಚ್ಚು ಕಮ್ಮಿ 21 ಕೈಗೆ ಒಂದು ಬ್ಲ್ಯಾಕ್‌ಜ್ಯಾಕ್ ಬೀಳುತ್ತದೆ. ಹಾಗಾಗಿ ಇದೊಂದೇ ನಿಯಮ ಶೇಕಡಾ 1.4ರ ಹತ್ತಿರ ತಿಂದುಹಾಕುತ್ತದೆ. ಟ್ರೂ ಕೌಂಟ್ +4ರ ಹತ್ತಿರ ಬರುವ ತನಕ ನೀವು ಸಮಕ್ಕೂ ಬರುವುದಿಲ್ಲ. 6ಕ್ಕೆ 5ರ ಮೇಜಿನಲ್ಲಿ ಯಾವ ಸ್ಪ್ರೆಡ್ ಇದ್ದರೂ ಎಣಿಸುವುದು ದಂಡ. ಡೀಲರ್ ಸಾಫ್ಟ್ 17ಕ್ಕೆ (ಎಕ್ಕವನ್ನು 11 ಅಂತ ಹಿಡಿದು ಬಂದ 17ಕ್ಕೆ) ಇನ್ನೊಂದು ಎಲೆ ಎಳೆಯುವ ನಿಯಮಕ್ಕೆ ಶೇಕಡಾ 0.2 ಹೋಗುತ್ತದೆ. ಅದು ಬೇಸರದ ವಿಷಯವೇ, ಆದರೆ ಸಹಿಸಬಹುದು. ಸರೆಂಡರ್ (ಅರ್ಧ ಬೆಟ್ ಕೊಟ್ಟು ಕೈ ಬಿಡುವ ಅವಕಾಶ) ಇದ್ದರೆ ಉಪಯೋಗಿಸದೆ ಬಿಡಬೇಡಿ. ಎಣಿಸುವವನಿಗೆ ಅದು ಬೇರೆಯವರಿಗಿಂತ ಹೆಚ್ಚು ಬೆಲೆಯದ್ದು, ಯಾಕೆಂದರೆ ದೊಡ್ಡ ಬೆಟ್ ಇರುವಾಗಲೇ ಡೀಲರ್‌ಗೆ ಹತ್ತು ಬೀಳುವುದೂ ಜಾಸ್ತಿ.

ಎರಡು ಡೆಕ್‌ನ ಮೇಜು, 3ಕ್ಕೆ 2 ಕೊಡುವಂಥದ್ದು ಸಿಕ್ಕರೆ ಅಲ್ಲಿ ನಿಮ್ಮ ಒಂದಕ್ಕೆ ನಾಲ್ಕು ನಿಜವಾಗಿಯೂ ದುಡಿಯುತ್ತದೆ. ಡೆಕ್ ಕಮ್ಮಿ ಇದ್ದಷ್ಟೂ ಟ್ರೂ ಕೌಂಟ್ ಹೆಚ್ಚು ಓಲಾಡುತ್ತದೆ. ಅರ್ಧ ಎಲೆ ಹೋದಾಗ ಆರು ಡೆಕ್‌ನಲ್ಲಿ ಟ್ರೂ ಕೌಂಟ್ +2 ದಾಟಿರುವುದು ನೂರಕ್ಕೆ 22 ಸಲ. ಎರಡು ಡೆಕ್‌ನಲ್ಲಿ 33 ಸಲ. ಶುರುವಿನ ನಷ್ಟವೂ ಅಲ್ಲಿ ಕಮ್ಮಿ. ಒಂದೇ ಡೆಕ್‌ನ ಹಳೆಯ ಆಟದಲ್ಲಂತೂ ಒಂದಕ್ಕೆ ಎರಡು, ಮೂರು ಸಾಕಾಗುತ್ತಿತ್ತು. ಎಡ್ವರ್ಡ್ ಥೋರ್ಪ್ ಎಂಬ ಗಣಿತದ ಮೇಷ್ಟ್ರು ಎಂಐಟಿಯ ಐಬಿಎಂ 704 ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, 1961ರಲ್ಲಿ ಇನ್ನಿಬ್ಬರ 10,000 ಡಾಲರ್ ಹಿಡಿದು ನೆವಾಡಾಗೆ ಹೋದರು. ಸುಮಾರು 11,000 ಗೆದ್ದು ಬಂದರು. ಮರುವರ್ಷ ಅವರ ಪುಸ್ತಕ ಬಂತು. 1964ರ ಏಪ್ರಿಲ್‌ನಲ್ಲಿ ಲಾಸ್ ವೇಗಸ್‌ನ ಕ್ಯಾಸಿನೊಗಳು ಹೆದರಿ, ಬೆಟ್ ಡಬಲ್ ಮಾಡುವ, ಜೋಡಿ ಎಲೆಯನ್ನು ಎರಡು ಕೈಯಾಗಿ ಸ್ಪ್ಲಿಟ್ ಮಾಡುವ ನಿಯಮಗಳನ್ನೇ ಬಿಗಿ ಮಾಡಿಬಿಟ್ಟವು. ಮಾಮೂಲಿ ಗಿರಾಕಿಗಳು ಆಡುವುದನ್ನೇ ಬಿಟ್ಟರು. ಕೆಲವೇ ವಾರಗಳಲ್ಲಿ ಹಳೆಯ ನಿಯಮ ವಾಪಸು ಬಂತು. ಈಗ ಒಂದೇ ಡೆಕ್ ಅಂತ ದೊಡ್ಡದಾಗಿ ಬೋರ್ಡ್ ಹಾಕಿದ ಕಡೆ ಸಾಮಾನ್ಯವಾಗಿ 6ಕ್ಕೆ 5 ಕಾದಿರುತ್ತದೆ. ಡೆಕ್ ನೋಡಿ ಖುಷಿಪಡಬೇಡಿ, ಬಟ್ಟೆ ಓದಿ.

ಬೆಟ್ ಅಲ್ಲಾಡಿಸಲು ಜಾಗ ಕಮ್ಮಿ ಇದ್ದಾಗ ಎಲೆ ಆಡುವ ರೀತಿಯನ್ನಾದರೂ ಬದಲಿಸಬಹುದು. ಕೌಂಟ್ ನೋಡಿ ಬೇಸಿಕ್ ಸ್ಟ್ರಾಟಜಿ ಬಿಡುವ ಜಾಗಗಳು ನೂರಾರಿವೆ. ಅಷ್ಟೆಲ್ಲ ಬೇಡ. ಡಾನ್ ಶ್ಲೆಸಿಂಜರ್ ಎಂಬ ಬ್ಲ್ಯಾಕ್‌ಜ್ಯಾಕ್ ಲೇಖಕರು 1980ರ ದಶಕದಲ್ಲಿ ಹದಿನೆಂಟನ್ನು ಆರಿಸಿ, ಲಾಭದ ಬಹುಪಾಲು ಅವುಗಳಲ್ಲೇ ಇದೆ ಅಂತ ತೋರಿಸಿದರು. ನೀವು ಐದಾರರಿಂದ ಶುರು ಮಾಡಿ. ಎಲ್ಲಕ್ಕಿಂತ ಮೊದಲು ಇನ್ಶೂರೆನ್ಸ್. ಡೀಲರ್ ಮುಂದೆ ಎಕ್ಕ ಇದ್ದಾಗ ಇನ್ಶೂರೆನ್ಸ್ ಬೇಕಾ ಅಂತ ಕೇಳುತ್ತಾರೆ, ಡೀಲರ್‌ಗೆ ಬ್ಲ್ಯಾಕ್‌ಜ್ಯಾಕ್ ಬಿದ್ದಿದ್ದರೆ ಅದು ಒಂದಕ್ಕೆ ಎರಡು ಕೊಡುತ್ತದೆ. ಉಳಿದ ಎಲೆಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಹತ್ತು ಇದ್ದರೆ ಮಾತ್ರ ಅದು ಲಾಭ. ಟ್ರೂ ಕೌಂಟ್ +3 ಆದಾಗ ಆ ಗೆರೆ ದಾಟುತ್ತದೆ. ಆಗ ತೆಗೆದುಕೊಳ್ಳಿ, ಇಲ್ಲದಿದ್ದರೆ ಮುಟ್ಟಬೇಡಿ. ಆಮೇಲೆ ನಿಮಗೆ 16, ಡೀಲರ್‌ಗೆ 10. ಕೌಂಟ್ ಸೊನ್ನೆಗಿಂತ ಮೇಲಿದ್ದರೆ ಎಲೆ ಎಳೆಯಬೇಡಿ. ಇದು ಪದೇ ಪದೇ ಬರುವ ಕೈ, ಹಾಗಾಗಿ ಬೆಲೆ ಜಾಸ್ತಿ. 15ಕ್ಕೆ ಎದುರು 10 ಇದ್ದರೆ +4ರಲ್ಲಿ ನಿಲ್ಲಿ. ಸರೆಂಡರ್ ಇದ್ದರೆ ಸೊನ್ನೆಯಿಂದಲೇ ಕೈ ಬಿಟ್ಟುಬಿಡಿ. 12ಕ್ಕೆ ಎದುರು 3 ಇದ್ದರೆ +2ರಲ್ಲಿ, ಎದುರು 2 ಇದ್ದರೆ +3ರಲ್ಲಿ ನಿಲ್ಲಿ. ಹದಿನೆಂಟರ ಪಟ್ಟಿಯಲ್ಲಿ ಎರಡು ಹತ್ತನ್ನು 5, 6ರ ಎದುರು ಸ್ಪ್ಲಿಟ್ ಮಾಡುವುದೂ ಇದೆ. ಗಣಿತ ಸರಿ, ಆದರೆ ನಾನು ಮಾಡುವುದಿಲ್ಲ. ಎರಡು ರಾಜ ಕೈಯಲ್ಲಿಟ್ಟುಕೊಂಡು 20 ಒಡೆಯುವವನು ಪೂರ್ತಿ ಪೆದ್ದ ಅಥವಾ ಎಣಿಕೆಗಾರ. ನೀವು ಪೆದ್ದರಲ್ಲ ಅಂತ ಪಿಟ್ ಬಾಸ್‌ಗೆ ಅಷ್ಟೊತ್ತಿಗೆ ಗೊತ್ತಾಗಿರುತ್ತದೆ.

ಇನ್ನೊಂದು ದಾರಿ ಎರಡು ಕೈ ಆಡುವುದು. ಕೌಂಟ್ ಏರಿದಾಗ ಪಕ್ಕದ ಜಾಗ ಖಾಲಿ ಇದ್ದರೆ, 100 ಒಂದೇ ಕಡೆ ಹಾಕುವ ಬದಲು 75ರಂತೆ ಎರಡು ಕಡೆ ಹಾಕಿ. ಮೇಜಿನ ಮೇಲೆ 150 ಇರುತ್ತದೆ. ಆದರೆ ಎರಡೂ ಕೈ ಒಟ್ಟಿಗೇ ಸೋಲುವುದು ಯಾವಾಗಲೂ ಆಗುವುದಿಲ್ಲ, ಹಾಗಾಗಿ ಏರಿಳಿತ ಸ್ವಲ್ಪ ಹೆಚ್ಚಿದರೂ ಲಾಭವೂ ಹೆಚ್ಚುವುದರಿಂದ, ಹಣ ಪೂರ್ತಿ ಬರಿದಾಗುವ ಅಪಾಯ ಹೆಚ್ಚು ಕಮ್ಮಿ 100 ಒಂದೇ ಕಡೆ ಹಾಕಿದಷ್ಟೇ ಇರುತ್ತದೆ. ಮೇಜಿನಲ್ಲಿ ನೀವೊಬ್ಬರೇ ಇದ್ದಾಗ ಬೇಡ, ಒಳ್ಳೆಯ ಎಲೆಗಳನ್ನು ನೀವೇ ಬೇಗ ಖಾಲಿ ಮಾಡಿಕೊಂಡ ಹಾಗಾಗುತ್ತದೆ. ಇನ್ನೂ ಎರಡು ಮೂರು ಜನ ಇದ್ದರೆ ಚೆನ್ನಾಗಿ ನಡೆಯುತ್ತದೆ.

ಈಗ ದುಡ್ಡಿನ ಕಹಿ ಮಾತು. ಬ್ಲ್ಯಾಕ್‌ಜ್ಯಾಕ್‌ನಲ್ಲಿ ಒಂದು ಕೈಯ ಏರಿಳಿತ ಬೆಟ್‌ನ 1.15 ಪಟ್ಟು. ನಿಮ್ಮ ಸ್ಪ್ರೆಡ್‌ನಲ್ಲಿ, ಕೆಟ್ಟ ಕೌಂಟ್‌ಗೆ ಎದ್ದು ಹೋಗುತ್ತ ಆಡಿದರೆ, ನೂರು ಕೈಗೆ ಅದು 408 ಡಾಲರ್ ಆಗುತ್ತದೆ. ಲಾಭ 13, ಏರಿಳಿತ 408. ಈ ಎರಡು ಅಂಕಿ ಪಕ್ಕಪಕ್ಕ ಬರೆದು ಗೋಡೆಗೆ ಅಂಟಿಸಿಕೊಳ್ಳಿ. ಲಾಭದ ಮೊತ್ತ ಏರಿಳಿತದ ಮೊತ್ತಕ್ಕೆ ಸಮ ಆಗಲು ನೀವು ಒಂದು ಲಕ್ಷ ಕೈ ನೋಡಬೇಕು. ತುಂಬಿದ ಮೇಜಿನಲ್ಲಿ ಗಂಟೆಗೆ 60 ಕೈ ನಡೆಯಬಹುದು. ನಿಮ್ಮ ವಾರಾಂತ್ಯದ ಲೆಕ್ಕದಲ್ಲಿ ಇದು ಹತ್ತು ವರ್ಷಕ್ಕೂ ಜಾಸ್ತಿ. ನಿಂತು ಎಣಿಸಿ, +2ಕ್ಕೆ ಕೂತು, 100 ಮಾತ್ರ ಹಾಕುವ ದಾರಿಯಲ್ಲಿ 46 ಸಾವಿರ ಕೈ ಸಾಕು. ಅದಕ್ಕೇ ನನಗೆ ಆ ದಾರಿ ಇಷ್ಟ.

ಇದರ ಇನ್ನೊಂದು ಮುಖ ನಿಮಗೆ ಸಮಾಧಾನ ಕೊಡಬಹುದು. ನೀವು ಸೋತ 1,100 ಡಾಲರ್ ಏನನ್ನೂ ಸಾಬೀತು ಮಾಡುವುದಿಲ್ಲ. ಆರು ತಿಂಗಳಲ್ಲಿ 3,600 ಕೈ ಆಡಿದ್ದೀರಿ ಅಂದುಕೊಂಡರೆ, ಬರೀ ಅದೃಷ್ಟದಿಂದಲೇ 2,600 ಡಾಲರ್ ಮೇಲೆ ಕೆಳಗೆ ಆಗುವುದು ಸಹಜ. 1,100 ಗೆದ್ದಿದ್ದರೂ ನಾನು ಇದೇ ಮಾತು ಹೇಳುತ್ತಿದ್ದೆ, ನೀವು ಮಾತ್ರ ಪತ್ರ ಬರೆಯುತ್ತಿರಲಿಲ್ಲ.

ಆದರೆ 3,000 ಡಾಲರ್ ಸಾಲದು. ಎಲ್ಲವನ್ನೂ ಸರಿಯಾಗಿ ಮಾಡಿ, ನೂರು ಕೈಗೆ 13ರ ಲಾಭದಲ್ಲಿ ಆಡಿದರೂ, 3,000ದಿಂದ ಶುರು ಮಾಡಿದವನು ಒಂದಲ್ಲ ಒಂದು ದಿನ ಪೂರ್ತಿ ಬರಿದಾಗುವ ಸಾಧ್ಯತೆ ನೂರಕ್ಕೆ 63. ಈಗಿನ 1,900ಕ್ಕೆ ಅದು ಇನ್ನೂ ಮೇಲೆ, 74ರ ಹತ್ತಿರ. ಅಪಾಯ ನೂರಕ್ಕೆ 5ಕ್ಕೆ ಇಳಿಯಬೇಕಾದರೆ 19ರಿಂದ 20 ಸಾವಿರ ಡಾಲರ್ ಬೇಕು. ಮನೆ ಬಾಡಿಗೆಗೂ ಮಕ್ಕಳ ಫೀಸಿಗೂ ಮುಟ್ಟದ, ಹೋದರೆ ಹೋಯಿತು ಅನ್ನುವಂಥ 20 ಸಾವಿರ. ನಿಮ್ಮ ಹತ್ತಿರ ಅದಿದೆಯಾ ಅಂತ ನನಗಿಂತ ನಿಮಗೆ ಗೊತ್ತು. ಇಲ್ಲದಿದ್ದರೆ 10 ಡಾಲರ್ ಅಥವಾ 15 ಡಾಲರ್ ಮೇಜು ಹುಡುಕಿ. ವಾರದ ನಡುವೆ ಬೆಳಗ್ಗೆ ಸಿಗುವ ಸಾಧ್ಯತೆ ಜಾಸ್ತಿ. ಶನಿವಾರ ರಾತ್ರಿ ಸಿಗುವುದು ಕಷ್ಟ.

ಗಂಟೆಯ ಲೆಕ್ಕಕ್ಕೆ ಇಳಿಸಿದರೆ ಇನ್ನೂ ನಗು ಬರುತ್ತದೆ. ತುಂಬಿದ ಮೇಜಿನಲ್ಲಿ ಗಂಟೆಗೆ 60 ಕೈ ಅಂದರೆ ಸುಮಾರು 8 ಡಾಲರ್. ನ್ಯೂಜೆರ್ಸಿಯ ಕನಿಷ್ಠ ಕೂಲಿ ಗಂಟೆಗೆ 15 ಡಾಲರ್ ದಾಟಿದೆ. ಡೀಲರ್‌ಗೆ ಅರ್ಧ ಗಂಟೆಗೊಮ್ಮೆ 5 ಡಾಲರ್ ಟಿಪ್ ಕೊಟ್ಟರೆ ನಿಮ್ಮ ಲಾಭ ಅಷ್ಟೂ ಅವರ ಜೇಬಿಗೆ. ಟೋಲು, ಪೆಟ್ರೋಲು, ಪಾರ್ಕಿಂಗ್ ನಾನಿನ್ನೂ ಸೇರಿಸಿಲ್ಲ. ದಣಿದಾಗ ಗಂಟೆಗೆ ಒಂದೆರಡು ತಪ್ಪು ಮಾಡುತ್ತೀರಲ್ಲ, ಅದನ್ನೂ ಸೇರಿಸಿಲ್ಲ. ಸಣ್ಣ ಸ್ಪ್ರೆಡ್‌ನ ಆಟಗಾರನಿಗೆ ತಪ್ಪಿಗೆ ಜಾಗವೇ ಇಲ್ಲ. ಎರಡು ಗಂಟೆ ಆದ ಮೇಲೆ ಕೌಂಟ್ ಕೈತಪ್ಪುತ್ತಿದೆ ಅನ್ನಿಸಿದರೆ ಅವತ್ತಿಗೆ ಸಾಕು. ಅಂದಾಜಿನ ಮೇಲೆ 100 ಹಾಕುವುದಕ್ಕಿಂತ ಕಡಲ ದಂಡೆಯ ಬೋರ್ಡ್‌ವಾಕ್ ಮೇಲೆ ಸುತ್ತಾಡಿ ಬರುವುದು ಅಗ್ಗ. ಇನ್ನೊಂದು, ಎಣಿಕೆಗೆ ಫೋನ್ ಮುಟ್ಟಬೇಡಿ. ತಲೆಯಲ್ಲಿ ಎಣಿಸುವುದು ಅಪರಾಧ ಅಲ್ಲ, ಯಂತ್ರದಲ್ಲಿ ಎಣಿಸಿದರೆ ಕೇಸು. ನೆವಾಡಾದಲ್ಲಿ 1985ರಿಂದ ಅದು ಜೈಲಿಗೆ ಹೋಗುವಂಥ ಅಪರಾಧ.

ಕೊನೆಗೆ ಗೋವಾ. ಮಾಂಡೋವಿ ನದಿಯ ಹಡಗುಗಳಲ್ಲಿ ಬ್ಲ್ಯಾಕ್‌ಜ್ಯಾಕ್ ಆಡುವುದಕ್ಕೆ ಕಾನೂನಿನ ಅಡ್ಡಿ ಇಲ್ಲ. ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರಿನಿಂದ ಹೋಗುವವರು ಬಹಳ. ಅಲ್ಲಿ ಮೊದಲು ನೋಡಬೇಕಾದ್ದು ಎಲೆ ಎಲ್ಲಿಂದ ಬರುತ್ತಿದೆ ಅಂತ. ಪ್ರತಿ ಕೈ ಮುಗಿದ ಮೇಲೆ ಎಲೆಗಳನ್ನು ವಾಪಸು ಯಂತ್ರಕ್ಕೆ ತುಂಬುತ್ತಿದ್ದರೆ ಎಣಿಸಿ ಪ್ರಯೋಜನ ಇಲ್ಲ, ಕೌಂಟ್ ಏರುವ ಮೊದಲೇ ಕಲಸಿಹೋಗುತ್ತದೆ. ಕೈಯಲ್ಲಿ ಕಲಸಿ ಶೂನಿಂದ ಹಂಚುವ ಮೇಜಿದ್ದರೆ ವಿದ್ಯೆ ನಡೆಯುತ್ತದೆ, ಆದರೆ ತೆರಿಗೆ ನಡೆಸಿಕೊಡುವುದಿಲ್ಲ. ಭಾರತದಲ್ಲಿ ಇಂಥ ಗೆಲುವಿನ ಮೇಲೆ 30% ಆದಾಯ ತೆರಿಗೆ, ಸೋತದ್ದನ್ನು ಅದರಲ್ಲಿ ಕಳೆಯುವಂತಿಲ್ಲ. ಒಳ್ಳೆಯ ಎಣಿಕೆಗಾರನೂ ನೂರು ಸಲ ಕೂತರೆ ಐವತ್ತಕ್ಕಿಂತ ಸ್ವಲ್ಪ ಜಾಸ್ತಿ ಸಲ ಗೆಲ್ಲುತ್ತಾನೆ, ಉಳಿದಷ್ಟು ಸಲ ಸೋಲುತ್ತಾನೆ. ಗೆದ್ದ ದಿನಗಳ ಮೇಲೆ ಮಾತ್ರ ತೆರಿಗೆ ಕಟ್ಟಿದರೆ ಯಾವ ಸ್ಪ್ರೆಡ್‌ನಲ್ಲೂ ಲೆಕ್ಕ ಕೂಡುವುದಿಲ್ಲ. ಹಡಗು ಹತ್ತಲು ಕೊಡುವ ಪ್ರವೇಶ ಶುಲ್ಕ ಇದರ ಮೇಲೆ.